ಎರಡನೆಯ ಅರ್ಜಿ

ಸಂಸದೆಯ ಕಚೇರಿಯಲ್ಲಿ ಮೇಜಿನ ಮೇಲಿದ್ದ ಪೆನ್ನನ್ನು ಎಲ್ಡನ್ ಮುಟ್ಟಲಿಲ್ಲ. ಕೊಡಿಯಾಕ್ ದ್ವೀಪದ ಏಡಿ ದೋಣಿಗಳಿಗೆ ಪರವಾನಗಿ ಕೊಡುವ ಅಧಿಕಾರಿ ಅವನೇ. ಆದರೆ ಸಂಸತ್ತಿನಲ್ಲಿ ಖರ್ಚಿನ ಮಸೂದೆ ಬಿದ್ದುಹೋಗಿ, ವಾಷಿಂಗ್ಟನ್ ಸರ್ಕಾರಿ ಕಚೇರಿಗಳಿಗೆ ಬೀಗ ಹಾಕಿಸಿ ಹದಿನಾಲ್ಕು ದಿನವಾಗಿತ್ತು. "ಸಂಬಳ ಬೇಡ ಅಂದ್ರೂ ಕೆಲಸ ಮಾಡೋ ಹಾಗಿಲ್ಲ ಮೇಡಂ. ಈಗ ಪರವಾನಗಿಗೆ ಸಹಿ ಹಾಕಿದ್ರೆ ನಾನೇ ಅಪರಾಧಿ."

"ನಾಳೆ ಮಧ್ಯಾಹ್ನ ಏಡಿ ಹಿಡಿಯೋಕೆ ಶುರು," ದೋಣಿಯ ಯಜಮಾನ ಸಿಗರ್ಡ್ ಹಲ್ಲು ಕಚ್ಚಿ ಹೇಳಿದ. "ಸ್ವಲ್ಪ ಕಾಯ್ರಪ್ಪಾ ಅಂತ ಏಡಿಗಳಿಗೆ ಹೇಳಿ ಬರ್ಲಾ?"

ಸಂಸದೆ ಡೋರೀನ್ ಅವನತ್ತ ಒಂದು ಅರ್ಜಿ ತಳ್ಳಿದಳು. ಮತದಾರರ ಸಹಿ ಇಲ್ಲದೆ ಅವಳ ಕಚೇರಿ ಯಾರನ್ನೂ ಪ್ರಶ್ನಿಸುವಂತಿರಲಿಲ್ಲ. "ತುಂಬಿ ಕೊಡಿ ಸಿಗರ್ಡ್. ಅಡ್ಡ ಬಂದವರು ಯಾರೇ ಆಗಿರ್ಲಿ, ಮೂರು ದಿನದೊಳಗೆ ಉತ್ತರ ತರಿಸ್ತೀನಿ."

"ನಂಗೂ ಒಂದು ಕೊಡಿ," ಎಂದು ಎಲ್ಡನ್ ಈಗ ಪೆನ್ನು ಎತ್ತಿಕೊಂಡ. "ನಾನೂ ನಿಮ್ಮ ಮತದಾರನೇ."

ಅವನು ನಿಧಾನವಾಗಿ ಬರೆದು ಹಾಳೆಯನ್ನು ಅವಳ ಕಡೆ ತಿರುಗಿಸಿದ. ಬೇಕಾದ ನೆರವು: ನನ್ನ ಕೆಲಸಕ್ಕೆ ಮರಳುವುದು. ಅಡ್ಡಿ ಮಾಡುತ್ತಿರುವವರು: ಡೋರೀನ್ ಪೆಟ್ರಿಕಾಫ್, ಖರ್ಚಿನ ಮಸೂದೆಗೆ ಬೇಡವೆಂದು ಮತ ಹಾಕಿದವರು.

ಡೋರೀನ್ ಎರಡು ಸಲ ಓದಿದಳು. ಸಿಗರ್ಡ್ ಸ್ವೀಕೃತಿಯ ಮೊಹರನ್ನು ಅವಳ ಕೈಗೆ ಹತ್ತಿರ ಸರಿಸಿದ.

"ಹಾಕಿ ಮೇಡಂ," ಎಂದ ಎಲ್ಡನ್. "ಮೂರು ದಿನ ಅಂದ್ರಲ್ಲ."