ಗುರುತು ಉಳಿಸದ ಆಪರೇಷನ್

"ಸ್ಕ್ಯಾನಿಗೆ ವಿಮೆ ಕಂಪನಿಯವರು ಒಪ್ಪಿಲ್ಲ," ಎಂದಳು ನರ್ಸ್, ಪರದೆ ಸರಿಸುತ್ತಾ. "ಗ್ಯಾಸ್ಟ್ರಿಕ್ಕಿಗೆಲ್ಲ ಸ್ಕ್ಯಾನ್ ಯಾಕೆ ಅಂತಾರೆ. ಡಾಕ್ಟ್ರು ಇನ್ನೊಂದು ಸಲ ಕೇಳಿದ್ದಾರೆ. ಕಾಯ್ಬೇಕು."

ಅಕ್ಕ ಬಲಗಾಲು ಮಡಚಿಕೊಂಡು ಮಲಗಿದ್ದಳು. ಕಂಡಕ್ಟರ್ ಸಮವಸ್ತ್ರ ಬೆವರಿಗೆ ಮೈಗಂಟಿತ್ತು. ಬಸ್ಸು ತುಂಬ ಜನರನ್ನು ಗದರಿಸುವ ಗಂಟಲಿನಿಂದ ಈಗ ನರಳಿಕೆಯೂ ಹೊರಡುತ್ತಿರಲಿಲ್ಲ. ಪಕ್ಕದ ಸ್ಟೂಲಿನಲ್ಲಿ ತಂಗಿ ತನ್ನ ಅಂಗಿಯ ಅಂಚಿನ ಹೊಲಿಗೆಯನ್ನು ಉಗುರಿನಿಂದ ಬಿಚ್ಚುತ್ತಾ ಕೂತಿದ್ದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಒಂದು ಎಳೆ ಹೊರಚಾಚಿದರೂ ಸಹಿಸದವಳು.

"ಅವಳಿ ಜವಳಿನಾ?" ನರ್ಸ್ ಕೇಳಿದಳು.

"ನಾನು ಎರಡು ವರ್ಷಕ್ಕೆ ದೊಡ್ಡೋಳು," ಅಕ್ಕ ಹಲ್ಲು ಕಚ್ಚಿ ಹೇಳಿದಳು. "ಬುದ್ಧೀಲಿ ಇಪ್ಪತ್ತು."

ಗೋಡೆಯ ಟಿವಿಯಲ್ಲಿ ಮೂವರು ಕಿತ್ತಾಡುತ್ತಿದ್ದರು. ಆರೋಗ್ಯ ವಿಮೆ ಎಲ್ಲರಿಗೂ ಕಡ್ಡಾಯವಾಗಲಿ ಎಂದು ಒಬ್ಬರು. ಅದು ಬಡವರ ಜೇಬಿಗೆ ಕತ್ತರಿ ಎಂದು ಇನ್ನೊಬ್ಬರು. ಮೊದಲು ವಿಮೆಯ ಕಳ್ಳರನ್ನು ಒಳಗೆ ಹಾಕಿ ಎಂದು ಮತ್ತೊಬ್ಬರು.

"ಹಾಕ್ಲಿ," ಎಂದ ಎದುರು ಮಂಚದ ಮುದುಕ. "ಜೈಲಲ್ಲಾದ್ರೂ ಡಾಕ್ಟ್ರು ಬೇಗ ಬರ್ತಾರೇನೋ."

ಯಾರೋ ನಕ್ಕರು. ತಂಗಿ ನಗಲಿಲ್ಲ. ವಿಮೆ ಇದ್ದದ್ದು ಅಕ್ಕನಿಗೆ, ಕೆಲಸದ ಕಡೆಯಿಂದ. ಆ ಕೆಲಸವನ್ನು ಅಕ್ಕ ಕಣ್ಣಿನ ರೆಪ್ಪೆಯಂತೆ ಕಾಯುತ್ತಿದ್ದಳು. ನಿನ್ನೆಯಿಂದ ನೋವು ಮುಚ್ಚಿಟ್ಟುಕೊಂಡೇ ಟಿಕೆಟ್ ಹರಿದಿದ್ದಳು.

"ಹೇಳಿಬಿಡೋಣ್ವಾ ಅಕ್ಕಾ?"

"ಬಾಯಿ ಬಿಟ್ಟೀಯ, ಜೋಕೆ. ಕೆಲಸ ಹೋದ್ರೆ ಇಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆ."

ವೈದ್ಯರು ಬಂದರು. ಚಿಕ್ಕ ವಯಸ್ಸು, ನಿದ್ದೆಯಿಲ್ಲದ ಕಣ್ಣು. ಹೊಟ್ಟೆಯ ಬಲಗಡೆ ಒತ್ತಿ ಕೈ ತೆಗೆದರು. ಅಕ್ಕನ ಉಸಿರು ಸಿಕ್ಕಿಕೊಂಡಿತು.

"ಜಾಗ ನೋಡಿದ್ರೆ ಅಪೆಂಡಿಕ್ಸೇ ಅನ್ಬೇಕು. ಆದ್ರೆ ಹೋದ ವರ್ಷ ನಮ್ಮಲ್ಲೇ ತೆಗೆಸ್ಕೊಂಡಿದ್ದೀರಿ. ಕಿತ್ತ ಹಲ್ಲು ನೋಯುತ್ತೇನಮ್ಮಾ?" ಅವರು ಬಾಗಿ ನೋಡಿದರು. "ಸಣ್ಣ ತೂತಿನ ಆಪರೇಷನ್ ಅಂದ್ರೂ ಗುರುತೇ ಕಾಣಲ್ವಲ್ಲ. ಯಾರ ಕೈಯೋ, ಕೈ ಮುಗೀಬೇಕು."

"ದೊಡ್ಡ ಡಾಕ್ಟ್ರದ್ದು," ಎಂದಳು ಅಕ್ಕ, ಕಣ್ಣು ಮುಚ್ಚಿ.

"ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಡಿ ಸಿಸ್ಟರ್. ಸಂಜೆ ನೋಡೋಣ."

ಅವರು ಪಕ್ಕದ ಮಂಚಕ್ಕೆ ತಿರುಗಿದರು. ತಂಗಿ ಅಕ್ಕನ ಹೊಟ್ಟೆ ಮುಟ್ಟಿ ನೋಡಿದಳು. ಹಲಗೆಯಂತೆ ಬಿಗಿದಿತ್ತು. ಕಾಲು ಮಡಚಿಕೊಂಡರೆ ಮಾತ್ರ ತಾಳಬಹುದಾದ ನೋವು ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಸಂಜೆಯವರೆಗೆ ಅದು ಕಾಯುವುದಿಲ್ಲವೆಂದೂ ಗೊತ್ತಿತ್ತು.

ಅವಳು ಏಳುತ್ತಿದ್ದಂತೆ ಅಕ್ಕ ಮಣಿಕಟ್ಟು ಹಿಡಿದಳು. "ಬೇಡ ಕಣೇ. ನಿನ್ನನ್ನೂ ಬಿಡಲ್ಲ ಅವರು."

ಹಿಡಿತದಲ್ಲಿ ಬಲವೇ ಇರಲಿಲ್ಲ. ತಂಗಿಗೆ ನಿಜವಾಗಿ ಭಯವಾದದ್ದು ಆಗ. ಕೈ ಬಿಡಿಸಿಕೊಂಡು ವೈದ್ಯರನ್ನು ಕರೆದಳು. ಪರದೆ ಎಳೆದಳು. ಹೊಲಿಗೆ ಬಿಚ್ಚಿಹೋದ ಅಂಗಿಯ ಅಂಚನ್ನು ಮೇಲೆತ್ತಿ, ತನ್ನ ಹೊಟ್ಟೆಯ ಮೇಲಿದ್ದ ಮೂರು ಪುಟ್ಟ ಕಲೆಗಳನ್ನು ತೋರಿಸಿದಳು.

"ನೀವು ಹುಡುಕಿದ ಗುರುತು ಇಲ್ಲಿದೆ, ಡಾಕ್ಟ್ರೇ. ಹೋದ ವರ್ಷ ಅಕ್ಕನ ಹೆಸರಲ್ಲಿ ಮಲಗಿದ್ದು ನಾನು."