ಸಮುದ್ರಕ್ಕೆ ಸುಣ್ಣ

ನೀರಿನಲ್ಲಿ ಆಮ್ಲ ಹೆಚ್ಚಿ, ಸಮುದ್ರದ ತಳದ ಚಿಪ್ಪಿಮರಿಗಳು ಕವಚ ಗಟ್ಟಿಯಾಗದೆ ಸಾಯುತ್ತಿವೆ ಎಂದು ಸಂಶೋಧಕಿ ನಾಗವೇಣಿ ವರ್ಷಗಟ್ಟಲೆ ಗೋಗರೆದರೂ ಸಚಿವರು ಕಿವಿಗೊಡಲಿಲ್ಲ. ಚುನಾವಣೆ ಬಂದಾಗ ಕಿವಿ ತೆರೆಯಿತು. ಸುಣ್ಣ ಹಾಕಿದರೆ ಆಮ್ಲ ಇಳಿಯುತ್ತದೆಂದು ಯಾರೋ ಊದಿದ್ದರು. ಬ್ಯಾಂಡು, ಕ್ಯಾಮೆರಾಗಳ ನಡುವೆ ದೋಣಿಯಿಂದ ಮೂಟೆ ಮೂಟೆ ಸುಣ್ಣ ಸುರಿಸಿದರು.

"ಈಗ ಸಮಾಧಾನ ಆಯ್ತಾ ಮೇಡಂ?"

"ಇದು ಯಾವ ಮೂಲೆಗೂ ಸಾಲೋದಿಲ್ಲ ಸರ್."

"ನಿಮ್ಮಂಥೋರಿಗೆ ಏನು ಮಾಡಿದ್ರೂ ಅಷ್ಟೇ," ಎಂದು ಸಚಿವರು ಹಾರ ಸರಿಮಾಡಿಕೊಂಡು ಕ್ಯಾಮೆರಾದತ್ತ ತಿರುಗಿದರು.

ನಾಗವೇಣಿ ಬೇಸತ್ತು ಸುಣ್ಣ ಪೂರೈಸಿದ ಗುತ್ತಿಗೆದಾರನನ್ನು ಕೇಳಿದಳು: "ಇಷ್ಟೊಂದು ಸುಣ್ಣ ಎಲ್ಲಿಂದ ತಂದ್ರಿ?"

ಅವನು ಹೆಮ್ಮೆಯಿಂದ ನಕ್ಕ.

"ದೂರದಿಂದ ಯಾಕೆ ತರ್ಲಿ ಮೇಡಂ? ಇಲ್ಲೇ ತಳದಲ್ಲಿ ಇದ್ದಬದ್ದ ಚಿಪ್ಪಿಗಳನ್ನೆಲ್ಲಾ ಬಾಚಿ, ಜೀವ ಇರುವಾಗ್ಲೇ ಸುಟ್ಟು ಸುಣ್ಣ ಮಾಡಿದ್ವಿ."