ತಾರಸಿಯ ಮೇಲ್ವಿಚಾರಕಿ

ವಿಕಿರಣ ಅಳೆಯುವ ಮೀಟರು ಹಿಡಿದು ಮೆಟ್ಟಿಲು ಹತ್ತಿ ಬಂದ ಅಧಿಕಾರಿಯನ್ನು ದರ್ಜಿ ಹೆಂಗಸು ಬಾಗಿಲಲ್ಲೇ ತಡೆದಳು. ಇವರಿಗಿಂತ ಮುಂಚೆ ಇಬ್ಬರು ಬಂದು ಹೋಗಿದ್ದರು. ಒಬ್ಬ ಮೀಟರನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ, ಇನ್ನೊಬ್ಬ ಅಂಕಿ ತೋರಿಸಲಿಲ್ಲ. ಮೂರನೆಯವರೂ ಮೂಗಿಗೆ ತುಪ್ಪ ಸವರಿ ಹೋಗಲು ಬಂದಿದ್ದಾರೆ ಎಂದೇ ಅವಳ ಎಣಿಕೆ.

"ಅಂಕಿ ನನಗೂ ಕಾಣಬೇಕು ಸಾರ್," ಎಂದಳು.

"ಧಾರಾಳವಾಗಿ ನೋಡಿ. ನೀವೇ ಹಿಡ್ಕೊಳ್ಳಿ," ಎಂದು ಅಧಿಕಾರಿ ಮೀಟರನ್ನೇ ಅವಳ ಕೈಗೆ ಕೊಟ್ಟುಬಿಟ್ಟರು.

ತಾರಸಿಯ ಮೇಲೆ ಒಂದೇ ಕೋಣೆ. ಒಂದು ಹೊಲಿಗೆ ಯಂತ್ರ, ಕತ್ತರಿಸಿಟ್ಟ ಬಟ್ಟೆಯ ರಾಶಿ, ಒಂದು ಮಂಚ. ಗೋಡೆಯಾಚೆ ಎರಡು ಮಾರು ದೂರದಲ್ಲಿ ಮೊಬೈಲು ಕಂಪನಿಯ ಆಂಟೆನಾ ಕೋಣೆಯ ಕಡೆಗೇ ಮುಖ ಮಾಡಿ ನಿಂತಿತ್ತು. ಮಂಚದಲ್ಲಿ ಮಲಗುವುದು ಆರು ವರ್ಷದ ಮಗಳು. ಮಂಚವನ್ನು ಎತ್ತ ಎಳೆದರೂ ಕೋಣೆ ಇರುವುದು ಅಷ್ಟೇ. ಆಂಟೆನಾವನ್ನು ಮಗಳ ತಲೆಯಿಂದ ದೂರ ಸರಿಸಿದರೆ ಸಾಕು ಎಂದು ತಾಯಿ ಏಳು ಅರ್ಜಿ ಬರೆದಿದ್ದಳು. ಕಾಣದ್ದಕ್ಕೆಲ್ಲ ಹೆದರುತ್ತಾಳೆ ಎಂದು ಕೆಳಗಿನ ಮನೆಯವರು ಮುಸಿಮುಸಿ ನಗುತ್ತಿದ್ದರು.

ಅಧಿಕಾರಿ ಮಂಚದ ಪಕ್ಕ ನಿಂತು, ಅವಳ ಕೈಯಲ್ಲಿದ್ದ ಮೀಟರಿನ ಅಂಕಿಯನ್ನು ಆರು ನಿಮಿಷ ಬರೆದುಕೊಂಡರು. ಆಮೇಲೆ ನೇರವಾಗಿ ಅವಳ ಮುಖ ನೋಡಿ ಹೇಳಿದರು. "ಮಿತಿಗಿಂತ ಎರಡು ಪಟ್ಟು ಇದೆಯಮ್ಮ."

ಅವಳಿಗೆ ಅಳು ಬಂದುಬಿಟ್ಟಿತು. ಇಷ್ಟು ದಿನಗಳಲ್ಲಿ ಅವಳನ್ನು ಹುಚ್ಚಿ ಎನ್ನದ ಮೊದಲ ಮನುಷ್ಯ ಇವರು.

"ಈ ಮಿತಿ ಯಾರು ಇಟ್ಟಿದ್ದು ಸಾರ್?"

"ಆ ಸಮಿತಿಯಲ್ಲಿ ನಾನೂ ಇದ್ದೆ. ಎರಡು ವರ್ಷ ಕೂತು ಬರೆದ್ವಿ. ಆಂಟೆನಾ ಹತ್ರ ಕೆಲಸ ಮಾಡೋರಿಗೆ ಒಂದು ಮಿತಿ. ಅವರಿಗೆ ಅದರ ಬಗ್ಗೆ ಗೊತ್ತಿರುತ್ತೆ, ಹುಷಾರಾಗಿರ್ತಾರೆ. ಏನೂ ಗೊತ್ತಿಲ್ಲದ ಜನಕ್ಕೆ, ಮಕ್ಕಳಿಗೆ, ಅದರ ಐದನೇ ಒಂದು ಭಾಗ ಅಷ್ಟೇ. ಅದಕ್ಕೆ ಹಟ ಹಿಡಿದಿದ್ದು ನಾನೇ."

"ಹಾಗಾದ್ರೆ ನನ್ನ ಮಗೂನ ಕೈ ಬಿಡಲ್ಲ ತಾನೇ?"

"ಮಗು ಮೇಲೆ ಮಿತಿಗಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿಗೆ ಬೀಳೋಕೆ ಬಿಡಲ್ಲಮ್ಮ. ಇದು ನನ್ನ ಮಾತು."

ಮಾತಿಗೆ ತಪ್ಪುವ ಜನದಂತೆ ಅವರು ಕಾಣಲಿಲ್ಲ. ಮೂರು ಮಧ್ಯಾಹ್ನ ಬಂದು, ವಿಕಿರಣ ಎಂದರೇನು, ಆಂಟೆನಾದ ಯಾವ ಕಡೆ ನಿಲ್ಲಬಾರದು ಎಂಬುದನ್ನೆಲ್ಲ ಎಳೆಎಳೆಯಾಗಿ ಬಿಡಿಸಿ ಹೇಳಿದರು. ಪರೀಕ್ಷೆಯಂತೆ ಪ್ರಶ್ನೆ ಕೇಳಿದರು, ಅವಳು ಪಟಪಟನೆ ಉತ್ತರ ಕೊಟ್ಟಳು. ಹೊಟ್ಟೆಯಲ್ಲಿ ಮಗುವೇನಾದರೂ ಇದೆಯೇ ಎಂದು ಸಂಕೋಚಪಡುತ್ತಲೇ ವಿಚಾರಿಸಿದರು.

"ಇಲ್ಲ ಸಾರ್. ಮಗೂನ ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು."

ಒಡಹುಟ್ಟಿದ ಅಣ್ಣನೂ ಇಷ್ಟು ಕಾಳಜಿಯಿಂದ ಕೇಳಿರಲಿಲ್ಲ ಎಂದುಕೊಂಡಳು. ಕೊನೆಯ ದಿನ ಅಧಿಕಾರಿ ಅವಳ ಫೋಟೊ ಇದ್ದ ಗುರುತಿನ ಚೀಟಿಯನ್ನೂ ತಾರಸಿ ಬಾಗಿಲಿನ ಬೀಗದ ಕೈಯನ್ನೂ ಕೊಟ್ಟು, ನಾಲ್ಕು ಕಡೆ ಸಹಿ ಹಾಕಿಸಿಕೊಂಡರು.

"ಇನ್ಮೇಲೆ ಈ ತಾರಸಿಗೆ ನೀವೇ ಮೇಲ್ವಿಚಾರಕಿ. ತರಬೇತಿ ಇಲ್ಲದವರು ಯಾರೂ ಇಲ್ಲಿ ಇರದ ಹಾಗೆ ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ."

ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಅವಳು ಮಗಳ ಮುಂದೆ ನಿಂತಳು. "ನಮ್ಮಮ್ಮ ಆಫೀಸರು," ಎಂದು ಮಗಳು ಕುಣಿದಾಡಿದಳು. ನಾಳೆಯೋ ನಾಡಿದ್ದೋ ಆಂಟೆನಾ ಕೀಳುವವರು ಬರುತ್ತಾರೆ ಎಂದು ತಾಯಿ ಕಾಯತೊಡಗಿದಳು.

ಹತ್ತನೆಯ ದಿನ ಆದೇಶ ಬಂತು. ಅಧಿಕಾರಿ ಅಂಕಿಯನ್ನು ಒಂದಿಷ್ಟೂ ತಿದ್ದಿರಲಿಲ್ಲ, ಎರಡು ಪಟ್ಟು ಎಂದೇ ಬರೆದಿದ್ದರು. ಅದರ ಕೆಳಗೆ, ತಾರಸಿಯ ಕೋಣೆ ಈಗ ಕೆಲಸದ ಸ್ಥಳವೆಂದೂ, ಅಲ್ಲಿರುವಾಕೆ ತರಬೇತಾದ ಸಿಬ್ಬಂದಿಯಾದ್ದರಿಂದ ಆಕೆಗೆ ಸಿಬ್ಬಂದಿಯ ಮಿತಿಯೇ ಅನ್ವಯಿಸುತ್ತದೆಂದೂ, ಅಳತೆ ಆ ಮಿತಿಯೊಳಗೇ ಇರುವುದರಿಂದ ಆಂಟೆನಾ ಸರಿಸುವ ಅಗತ್ಯವಿಲ್ಲವೆಂದೂ ಇತ್ತು. ಅವಳು ಹಾಳೆ ತಿರುಗಿಸಿದಳು.

"ಮೇಲ್ವಿಚಾರಕಿಯವರಿಗೆ: ಸದರಿ ಸ್ಥಳದಲ್ಲಿ ತರಬೇತಿಯಿಲ್ಲದ ಒಬ್ಬರು, ವಯಸ್ಸು ಆರು, ವಾಸವಿರುವುದು ಕಂಡುಬಂದಿದೆ, ಅವರನ್ನು ಏಳು ದಿನಗಳೊಳಗೆ ತೆರವುಗೊಳಿಸಿ ವರದಿ ಸಲ್ಲಿಸತಕ್ಕದ್ದು."